ಮೊಲದ ತೊಗಲು ಎಷ್ಟು ಗಟ್ಟಿ?

ಮೊಲ ಸಾಕುವವರ ಮನೆಯಲ್ಲಿ ಮಾಂಸ ಮಾರಾಟವಾಗುತ್ತದೆ, ಗೊಬ್ಬರ ತೋಟಕ್ಕೆ ಹೋಗುತ್ತದೆ. ಚರ್ಮ ಮಾತ್ರ ಗುಂಡಿಗೆ. ಅದನ್ನು ಹದ ಮಾಡಿದರೆ ಪರ್ಸ್, ಕೈಗವಸು, ಟೋಪಿ ಏನಾದರೂ ಮಾಡಬಹುದಲ್ವಾ? ಮಾಡಬಹುದು. ಆದರೆ ಕೈಗೆ ಬರುವುದು ಮೇಕೆಯ ಲೆದರ್‌ನಷ್ಟು ಗಟ್ಟಿ ಇರುವುದಿಲ್ಲ. ಜೋರಾಗಿ ಎಳೆದರೆ ಹರಿಯುತ್ತದೆ. ಹೊಲಿಗೆ ಬಿದ್ದ ಕಡೆ ಕಿತ್ತು ಬರುತ್ತದೆ. ಆಗ ಬಹಳ ಜನ ಹದದ ನೀರನ್ನೇ ದೂರುತ್ತಾರೆ. ಪಟಿಕ ಕಡಿಮೆಯಾಯಿತೇನೋ, ಇನ್ನೆರಡು ದಿನ ನೆನೆಸಬೇಕಿತ್ತೇನೋ, ಕ್ರೋಮ್ (ಕ್ರೋಮಿಯಂ ಲೋಹದ ಲವಣ) ಹಾಕಿದ್ದರೆ ಗಟ್ಟಿಯಾಗುತ್ತಿತ್ತೇನೋ ಎಂದು.

ಹದ ಮಾಡುವುದರಿಂದ ಚರ್ಮಕ್ಕೆ ಇಲ್ಲದ ಬಲ ಬರುವುದಿಲ್ಲ. ಪ್ರಾಣಿಯ ಮೈಮೇಲೆ ಇದ್ದಾಗ ಆ ಚರ್ಮಕ್ಕೆ ಎಷ್ಟು ಬಲವಿತ್ತೋ, ಅದು ಕೊಳೆತು ಹೋಗದಂತೆ ಉಳಿಸುವುದಷ್ಟೇ ಹದದ ಕೆಲಸ. ನಮ್ಮ ತಮಟೆಗೆ ಬಿಗಿಯುವ ಚರ್ಮವನ್ನೇ ನೋಡಿ. ಅದನ್ನು ಲೆದರ್ ಮಾಡಿರುವುದಿಲ್ಲ, ಕೂದಲು ತೆಗೆದು ಒಣಗಿಸಿರುತ್ತಾರೆ, ಅಷ್ಟೇ. ಆದರೂ ಅದು ದಿನಗಟ್ಟಲೆ ಏಟು ತಿನ್ನುತ್ತದೆ. ಅದರ ತೊಂದರೆ ಬೇರೆ: ನೀರು ಬಿದ್ದರೆ ಮೆತ್ತಗಾಗುತ್ತದೆ, ಒದ್ದೆಯಲ್ಲೇ ಬಿಟ್ಟರೆ ಕೊಳೆಯುತ್ತದೆ. ಮಡಚಿದರೆ ಬಿರುಕು ಬಿಡುತ್ತದೆ. ಹದ ಮಾಡುವುದು ಈ ತೊಂದರೆಗಳಿಗೆ ಔಷಧಿ. ಬಲದ ಕಥೆ ಅದಕ್ಕಿಂತ ಮೊದಲೇ, ಮೊಲದ ಮೈಮೇಲೆಯೇ ಬರೆದಾಗಿರುತ್ತದೆ.

ಮೊದಲು ಗಟ್ಟಿ ಅಂದರೆ ಏನು ಅಂತ ನೋಡೋಣ. ಲೆದರ್ ಪರೀಕ್ಷೆ ಮಾಡುವ ಲ್ಯಾಬ್‌ಗಳು ಈ ಒಂದು ಮಾತನ್ನು ಕನಿಷ್ಠ ಮೂರು ಪ್ರಶ್ನೆಗಳಾಗಿ ಒಡೆಯುತ್ತವೆ. ಒಂದು ಪಟ್ಟಿಯನ್ನು ಎರಡೂ ತುದಿ ಹಿಡಿದು ಎಳೆದರೆ ಎಷ್ಟು ತೂಕಕ್ಕೆ ತುಂಡಾಗುತ್ತದೆ? ಇದಕ್ಕೆ ಐಎಸ್‌ಒ (ಅಂತರರಾಷ್ಟ್ರೀಯ ಮಾನಕ ಸಂಸ್ಥೆ) 3376 ಎಂಬ ಪರೀಕ್ಷೆ ಇದೆ. ಆಗಲೇ ಒಂದು ಸೀಳು ಇದ್ದರೆ ಅದು ಮುಂದಕ್ಕೆ ಹರಿಯಲು ಎಷ್ಟು ಬಲ ಬೇಕು? ಅದು ಐಎಸ್‌ಒ 3377. ಒಳಗಿನಿಂದ ಗುಂಡನೆಯ ಚೆಂಡಿನಿಂದ ಒತ್ತಿದರೆ ಮೇಲಿನ ಪದರ ಯಾವಾಗ ಬಿರಿಯುತ್ತದೆ? ಅದು ಐಎಸ್‌ಒ 3379. ಒಂದರಲ್ಲಿ ಪಾಸಾದ ಚರ್ಮ ಇನ್ನೊಂದರಲ್ಲಿ ಫೇಲಾಗಬಹುದು. ಶಾಂಪೂ ಸ್ಯಾಷೆ ನೆನಪಿಸಿಕೊಳ್ಳಿ. ಸುಮ್ನೆ ಎಳೆದರೆ ಬೆರಳು ನೋಯುತ್ತದೆಯೇ ಹೊರತು ಅದು ಹರಿಯುವುದಿಲ್ಲ. ಅಂಚಿನಲ್ಲಿರುವ ಸಣ್ಣ ಕಚ್ಚಿನಲ್ಲಿ ಹಿಡಿದು ಎಳೆದರೆ ಸರ್ರನೆ ಹರಿಯುತ್ತದೆ. ಬಳಕೆಯಲ್ಲಿ ಮೊಲದ ಲೆದರ್ ಕೈಕೊಡುವುದು ಹೆಚ್ಚಾಗಿ ಈ ಎರಡನೆಯ ವಿಷಯದಲ್ಲಿ. ಸೂಜಿ ಚುಚ್ಚಿದ ಪ್ರತಿ ತೂತೂ ಅದಕ್ಕೆ ಒಂದು ಕಚ್ಚೇ.

ಇಲ್ಲಿ ಇನ್ನೊಂದು ವಿಷಯವೂ ಇದೆ. ಲ್ಯಾಬ್ ವರದಿಯಲ್ಲಿ ಎಳೆತದ ಶಕ್ತಿಯನ್ನು ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಎಂದು ಬರೆದಿರುತ್ತಾರೆ. ಅಂದರೆ ದಪ್ಪವನ್ನು ಭಾಗಿಸಿ ತೆಗೆದುಬಿಟ್ಟಿರುತ್ತಾರೆ. ಲೆಕ್ಕಕ್ಕಾಗಿ ಎರಡು ಪಟ್ಟಿ ಊಹಿಸಿ. ಎರಡೂ 10 ಮಿ.ಮೀ. ಅಗಲ, ಎರಡರ ಶಕ್ತಿಯೂ ಚದರ ಮಿ.ಮೀ.ಗೆ 15 ನ್ಯೂಟನ್. ಒಂದು 2 ಮಿ.ಮೀ. ದಪ್ಪ, ಇನ್ನೊಂದು ಅರ್ಧ ಮಿ.ಮೀ. ಅಷ್ಟೇ. ದಪ್ಪನೆಯದು 300 ನ್ಯೂಟನ್, ಅಂದರೆ ಸುಮಾರು 30 ಕಿಲೋ ತೂಕ ತಾಳುತ್ತದೆ. ತೆಳುವಿನದ್ದು 75 ನ್ಯೂಟನ್, ಏಳೂವರೆ ಕಿಲೋಗೇ ತುಂಡಾಗುತ್ತದೆ. ವರದಿಯಲ್ಲಿ ಎರಡಕ್ಕೂ ಒಂದೇ ಅಂಕಿ! ಮೊಲದ ಲೆದರ್ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ತೆಳುವಾಗಿಯೇ ಇರುತ್ತದೆ. ಹಾಗಾಗಿ ಯಾರಾದರೂ ಮೊಲದ ಲೆದರ್ ಕುರಿಯದ್ದಕ್ಕೆ ಸಮ ಎಂದು ಅಂಕಿ ತೋರಿಸಿದರೆ ದಪ್ಪ ಎಷ್ಟು ಅಂತ ಕೇಳಿ. ಚೀಲದ ಹಿಡಿಗೆ ಬೇಕಾಗಿರುವುದು ಪಟ್ಟಿಯ ಒಟ್ಟು ಬಲ.

ಇನ್ನು ಚರ್ಮದ ಒಳಗೆ ಹೋಗೋಣ. ಯಾವುದೇ ಲೆದರ್‌ನ ಜೀವಾಳ ಕೊಲಾಜೆನ್ ಎಂಬ ಪ್ರೋಟೀನು. ಮೂರು ಎಳೆಗಳು ಒಂದಕ್ಕೊಂದು ಹುರಿಗೊಂಡು ಒಂದು ಅಣುವಾಗುತ್ತವೆ. ಅಣುಗಳು ಸೇರಿ ನೂಲು, ನೂಲುಗಳು ಸೇರಿ ಕಟ್ಟು. ಈ ಕಟ್ಟುಗಳು ಚರ್ಮದ ಒಳಪದರದಲ್ಲಿ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಚರ್ಮಕ್ಕೆ ಬಲ ಬರುವುದು ಈ ಒಳಹೆಣಿಗೆಯಿಂದ. ಇದರ ಮೇಲೆ, ಕೂದಲಿನ ಕಡೆಗೆ ಇನ್ನೊಂದು ಪದರ ಇದೆ. ಕೂದಲಿನ ಬುಡಗಳು, ಎಣ್ಣೆ ಗ್ರಂಥಿಗಳು ಎಲ್ಲ ಇರುವುದು ಅಲ್ಲಿ. ಅಲ್ಲಿನ ಎಳೆಗಳು ಸಣ್ಣವು. ನೋಡಲು ನುಣುಪಾಗಿರುವುದು ಆ ಪದರ, ಭಾರ ಹೊರುವುದು ಕೆಳಗಿನದು.

ಮೊಲದ ಚರ್ಮದಲ್ಲಿ ಕೂದಲು ಒತ್ತೊತ್ತಾಗಿರುತ್ತದೆ. ಚದರ ಸೆಂಟಿಮೀಟರಿಗೆ ಸಾವಿರಾರು. ಅದೂ ಒಂದೊಂದಾಗಿ ಅಲ್ಲ, ಗೊಂಚಲಾಗಿ: ಒಂದು ಉದ್ದದ ಬಿರುಸು ಕೂದಲು, ಅದರ ಸುತ್ತ ನವಿರಾದ ತುಪ್ಪಳ. ಪ್ರತಿಯೊಂದು ಬುಡವೂ ಚರ್ಮದಲ್ಲಿ ಒಂದು ತೂತು. ಅಷ್ಟು ತೂತು ಇರುವ ಕಡೆ ಕೊಲಾಜೆನ್ ಕಟ್ಟುಗಳಿಗೆ ಜಾಗ ಎಲ್ಲಿಂದ ಬರಬೇಕು? ಚಳಿಯಿಂದ ಕಾಪಾಡುವ ಕೆಲಸವನ್ನೆಲ್ಲ ಕೂದಲಿಗೇ ಬಿಟ್ಟುಕೊಟ್ಟು ಚರ್ಮ ತೆಳುವಾಗಿ ಉಳಿದಿದೆ. ಕುರಿಯಲ್ಲೂ ಸುಮಾರು ಹೀಗೇ. ಉಣ್ಣೆ ಜಾಸ್ತಿ ಇರುವ ಕುರಿಯ ಲೆದರ್ ಮೇಕೆಯದ್ದಕ್ಕಿಂತ ಸಡಿಲ, ಕೆಲವೊಮ್ಮೆ ಮೇಲಿನ ಪದರ ಕೆಳಗಿನದರಿಂದ ಬಿಟ್ಟುಕೊಂಡು ಸುಕ್ಕು ಬೀಳುತ್ತದೆ. ಕೂದಲು ತೆಗೆದು ಮಾಡಿದ ಮೊಲದ ಲೆದರ್‌ನಲ್ಲೂ ಈ ಸಡಿಲ ಕಾಣುತ್ತದೆ.

ತೆಳುವಾಗಿದ್ದರೆ ಬಲ ಕಡಿಮೆ ಎಂದು ಕಣ್ಣುಮುಚ್ಚಿ ಹೇಳುವ ಹಾಗೂ ಇಲ್ಲ. ಕಾಂಗರೂ ಚರ್ಮ ತೆಳು, ಆದರೂ ತೂಕಕ್ಕೆ ತೂಕ ಹೋಲಿಸಿದರೆ ಅತಿ ಗಟ್ಟಿ ಲೆದರ್‌ಗಳಲ್ಲಿ ಒಂದು. ಫುಟ್‌ಬಾಲ್ ಬೂಟು, ಚಾವಟಿಗೆ ಅದನ್ನೇ ಹುಡುಕುತ್ತಿದ್ದರು. ಕಾರಣ ಅದರ ಎಳೆಗಳ ದಿಕ್ಕು. ಅವು ಚರ್ಮದ ಮೇಲ್ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿರುತ್ತವೆ. ಎಳೆದಾಗ ಎಳೆಗಳ ಉದ್ದಕ್ಕೇ ಭಾರ ಬೀಳುತ್ತದೆ. ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದವರು ಕುರಿ ಮತ್ತು ದನದ ಲೆದರ್‌ಗಳಿಗೆ ಎಕ್ಸ್‌ರೇ ಹಾಯಿಸಿ ನೋಡಿದಾಗಲೂ ಇದೇ ಕಂಡಿತು. ಎಳೆಗಳು ಹೆಚ್ಚು ಮಲಗಿದಷ್ಟೂ ಸೀಳನ್ನು ತಡೆಯುವ ಶಕ್ತಿ ಜಾಸ್ತಿ. ಅಂದರೆ ಬಲ ನಿಂತಿರುವುದು ಮೂರರ ಮೇಲೆ: ದಪ್ಪ, ಎಳೆಗಳ ದಿಕ್ಕು, ಹೆಣಿಗೆಯ ಬಿಗಿ. ಮೊಲಕ್ಕೆ ದಪ್ಪ ಇಲ್ಲ. ಬಿಗಿಯನ್ನು ಕೂದಲು ಕೆಡಿಸಿದೆ.

ಹಾಗಂತ ಎಲ್ಲ ಮೊಲದ ಚರ್ಮವೂ ಒಂದೇ ಅಲ್ಲ. ಮೊಲ ಸಾಕುವವರು ಮುಖ್ಯವಾಗಿ ಗಮನಿಸಬೇಕಾದದ್ದು ವಯಸ್ಸು. ಮಾಂಸಕ್ಕೆ ಸಾಕುವ ಮೊಲವನ್ನು ಸುಮಾರು 12 ವಾರಕ್ಕೆ, ಎರಡು ಕಿಲೋ ಆಸುಪಾಸಿಗೆ ಕೊಯ್ಯುತ್ತಾರೆ. ಮಾಂಸಕ್ಕೆ ಅದು ಸರಿಯಾದ ಹೊತ್ತು. ಚರ್ಮಕ್ಕೆ ತೀರಾ ಬೇಗ. ಆ ವಯಸ್ಸಿನಲ್ಲಿ ಚರ್ಮ ತೆಳು ಇರುವುದಷ್ಟೇ ಅಲ್ಲ, ಕೊಲಾಜೆನ್ ಎಳೆಗಳ ನಡುವಿನ ರಾಸಾಯನಿಕ ಕೊಂಡಿಗಳೂ ಪೂರ್ತಿ ಬಲಿತಿರುವುದಿಲ್ಲ. ಪ್ರಾಣಿ ಬೆಳೆದಂತೆ ಆ ಕೊಂಡಿಗಳು ಹೆಚ್ಚುತ್ತವೆ, ಗಟ್ಟಿಯಾಗುತ್ತವೆ. ತುಪ್ಪಳಕ್ಕಾಗಿಯೇ ಸಾಕುವ ರೆಕ್ಸ್ ತಳಿಯನ್ನು ಐದಾರು ತಿಂಗಳವರೆಗೆ ಬಿಡುವುದಕ್ಕೆ ಇದೂ ಒಂದು ಕಾರಣ. ರೆಕ್ಸ್ ಹುಟ್ಟಿದ್ದು 1919ರಲ್ಲಿ ಫ್ರಾನ್ಸಿನಲ್ಲಿ. ಉದ್ದದ ಹೊರಗೂದಲು ಮೋಟಾಗಿ ಒಳತುಪ್ಪಳದ ಮಟ್ಟಕ್ಕೇ ನಿಂತ ಮರಿಗಳಿಂದ ಬೆಳೆಸಿದ ತಳಿ. ಮುಟ್ಟಿದರೆ ಮಖಮಲ್ಲು. ಗಂಡು, ಹೆಣ್ಣಿನ ವ್ಯತ್ಯಾಸವೂ ಉಂಟು: ಬಲಿತ ಗಂಡಿನ ಕತ್ತು, ಹೆಗಲಿನ ಚರ್ಮ ಹೆಣ್ಣಿನದಕ್ಕಿಂತ ಸಾಮಾನ್ಯವಾಗಿ ದಪ್ಪ. ಒಂದೇ ಚರ್ಮದಲ್ಲಿ ಬೆನ್ನು ಗಟ್ಟಿ, ಹೊಟ್ಟೆ ಮತ್ತು ಪಕ್ಕೆ ತೆಳು.

ತುಪ್ಪಳ ಉದುರುವ ಕಾಲದ ಗುರುತು ಚರ್ಮದ ಹಿಂಬದಿಯಲ್ಲಿ ಸಿಗುತ್ತದೆ. ಬಣ್ಣದ ಮೊಲವಾದರೆ, ಸುಲಿದ ಚರ್ಮವನ್ನು ತಿರುಗಿಸಿ ಬೆಳಕಿಗೆ ಹಿಡಿಯಿರಿ. ಎಲ್ಲ ಕಡೆ ಒಂದೇ ಸಮ ಬಿಳಿಚಾಗಿದ್ದರೆ ಕೂದಲು ಬೆಳೆದು ನಿಂತಿದೆ ಎಂದು ಅರ್ಥ. ಅಲ್ಲಲ್ಲಿ ಕಪ್ಪು, ನೀಲಿ ಮಚ್ಚೆಗಳಿದ್ದರೆ ಆ ಜಾಗದಲ್ಲಿ ಹೊಸ ಕೂದಲು ಈಗಷ್ಟೇ ಹುಟ್ಟುತ್ತಿದೆ. ಬೆಳೆಯುವ ಕೂದಲಿನ ಬುಡ ಚರ್ಮದ ತಳದವರೆಗೂ ಇಳಿದಿರುತ್ತದೆ, ಅದರಲ್ಲಿನ ಬಣ್ಣವೇ ಮಚ್ಚೆಯಾಗಿ ಕಾಣುವುದು. ಅಲ್ಲಿ ಚಾಕು ಸ್ವಲ್ಪ ಜೋರಾಗಿ ಆಡಿದರೂ ಬುಡವೇ ಕತ್ತರಿಸಿ ಹೋಗಿ, ಆಮೇಲೆ ಕೂದಲು ಕಿತ್ತು ಬರುತ್ತದೆ. ಅಂಥ ಚರ್ಮಕ್ಕೆ ಜಾಸ್ತಿ ಶ್ರಮ ಹಾಕಬೇಡಿ ಎಂಬುದು ನನ್ನ ಸಲಹೆ.

ಇಲ್ಲಿಯವರೆಗೆ ಪ್ರಾಣಿಯ ಪಾಲು. ಇನ್ನು ನಮ್ಮ ಕೈಯ ಪಾಲು. ಇದ್ದ ಬಲವನ್ನೂ ಕಳೆದುಕೊಳ್ಳುವುದು ಇಲ್ಲೇ.

ಸುಲಿದ ಕ್ಷಣದಿಂದ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ನಮ್ಮ ಬಿಸಿಲಿಗೆ ಕೆಲವೇ ಗಂಟೆ ಸಾಕು. ಹಾಗಾಗಿ ತಕ್ಷಣ ತಣ್ಣೀರಲ್ಲಿ ತೊಳೆದು, ಒಳಮೈಗೆ ಧಾರಾಳವಾಗಿ ಉಪ್ಪು ಹಚ್ಚಬೇಕು, ಇಲ್ಲವೇ ಫ್ರೀಜರಿಗೆ ಹಾಕಬೇಕು. ಬೇಗ ಒಣಗಲಿ ಎಂದು ಒದ್ದೆ ಚರ್ಮವನ್ನು ಸುಡುಬಿಸಿಲಿಗೆ ಹಾಕಿದರೆ ಕೆಟ್ಟಿತು. ಒದ್ದೆಯಾದ ಹಸಿ ಚರ್ಮ ಸುಮಾರು 60ರಿಂದ 65 ಡಿಗ್ರಿಗೆ ಮುದುಡುತ್ತದೆ. ಕೊಲಾಜೆನ್‌ನ ಹುರಿ ಬಿಚ್ಚಿ ಜೆಲಾಟಿನ್ ಆಗುವ ದಾರಿ ಅದು. ಅದಕ್ಕಿಂತ ಕಡಿಮೆ ಬಿಸಿಯಲ್ಲೂ ಹಾನಿ ನಿಧಾನವಾಗಿ ಆಗುತ್ತಲೇ ಇರುತ್ತದೆ. ಹಾಗೆ ಅಂಟಾದ ಜಾಗಕ್ಕೆ ಯಾವ ಹದವೂ ಹಿಡಿಯುವುದಿಲ್ಲ. ನೆರಳು ಮತ್ತು ಗಾಳಿ ಸಾಕು.

ಆಮೇಲೆ ಒಳಪೊರೆ. ಮೊಲದ ಚರ್ಮದ ಒಳಮೈಗೆ ಮಾಂಸದ ತೆಳು ಪೊರೆಯೊಂದು ಅಂಟಿಕೊಂಡಿರುತ್ತದೆ. ಅದು ಇದ್ದರೆ ಹದದ ನೀರು ಚರ್ಮದೊಳಕ್ಕೆ ಇಳಿಯುವುದಿಲ್ಲ, ಒಳಗೆ ಹಸಿ ಉಳಿಯುತ್ತದೆ. ಹಸಿ ಚರ್ಮದಲ್ಲಿ ಅದನ್ನು ತೆಗೆಯಲು ಹೋದರೆ ಚರ್ಮವೇ ಹರಿಯುವ ಭಯ. ಮನೆಯಲ್ಲಿ ಹದ ಮಾಡುವ ಅನೇಕರು ಚರ್ಮವನ್ನು ಒಂದೆರಡು ದಿನ ಉಪ್ಪು, ಪಟಿಕದ ನೀರಲ್ಲಿಟ್ಟು, ಆಮೇಲೆ ತೆಗೆಯುತ್ತಾರೆ. ಆಗ ಪೊರೆ ಬೆಳ್ಳಗಾಗಿ ಸ್ವಲ್ಪ ಗಟ್ಟಿಯಾಗಿರುತ್ತದೆ. ಬಾಲದ ಕಡೆ ಉಗುರಿನಿಂದ ಒಂದು ಅಂಚು ಎಬ್ಬಿಸಿ, ಹೆಬ್ಬೆರಳನ್ನು ಪೊರೆಗೂ ಚರ್ಮಕ್ಕೂ ನಡುವೆ ತೂರಿಸಿ, ಎಳೆಯುವುದಕ್ಕಿಂತ ಹೆಚ್ಚಾಗಿ ತಳ್ಳುತ್ತಾ ಹೋದರೆ ಅದು ಹಾಳೆಯಾಗಿ ಬಿಟ್ಟು ಬರುತ್ತದೆ. ಕತ್ತಿನ ಕಡೆ ಪೊರೆ ಸುಲಭಕ್ಕೆ ಬಿಡುವುದಿಲ್ಲ. ಹೊಟ್ಟೆಯ ಕಡೆ ಬೆರಳು ಆಚೆ ಕಾಣುವಷ್ಟು ತೆಳು, ಅಲ್ಲಿ ಅವಸರ ಮಾಡಿದರೆ ತೂತು ಖಂಡಿತ. ಇಡೀ ಕೆಲಸದಲ್ಲಿ ಚರ್ಮದ ಗುಣಮಟ್ಟ ತೀರ್ಮಾನವಾಗುವುದು ಈ ಅರ್ಧ ಗಂಟೆಯಲ್ಲಿ ಎಂದರೂ ತಪ್ಪಿಲ್ಲ.

ಹದದ ನೀರಿಗೆ ಆಸಿಡ್ ಬಳಸುವವರು ಒಂದು ನಿಯಮ ಮರೆಯಬಾರದು. ಮೊದಲು ಉಪ್ಪು, ಆಮೇಲೆ ಆಸಿಡ್. ಬರೀ ಆಸಿಡ್ ನೀರಿಗೆ ಬಿದ್ದ ಚರ್ಮ ನೀರು ಹೀರಿ ಊದಿಕೊಳ್ಳುತ್ತದೆ, ಎಳೆಗಳ ಹೆಣಿಗೆ ಒಳಗಿಂದಲೇ ಸಡಿಲವಾಗುತ್ತದೆ. ಉಪ್ಪು ಆ ಊತವನ್ನು ತಡೆಯುತ್ತದೆ. ಕೊನೆಯಲ್ಲಿ ಅಡುಗೆ ಸೋಡಾದ ತೆಳು ನೀರಲ್ಲಿ ಉಳಿದ ಆಸಿಡ್ಡನ್ನು ಇಳಿಸಿ ಚೆನ್ನಾಗಿ ತೊಳೆಯಬೇಕು. ತೊಳೆಯದೆ ಬಿಟ್ಟರೆ ಅದು ಒಣಗಿದ ಚರ್ಮದೊಳಗೇ ಕೂತು ವರ್ಷಗಟ್ಟಲೆ ಕೊಲಾಜೆನ್ನನ್ನು ತಿನ್ನುತ್ತದೆ. ಮಾಡಿದಾಗ ಚೆನ್ನಾಗಿದ್ದು ಎರಡು ಮೂರು ವರ್ಷಕ್ಕೆ ಪುಡಿಪುಡಿಯಾಗುವ ಚರ್ಮಗಳಿಗೆ ಇದೊಂದು ದೊಡ್ಡ ಕಾರಣ.

ಯಾವ ಹದ ಒಳ್ಳೆಯದು? ಪಟಿಕ ಸುಲಭ, ಅಗ್ಗ, ಚರ್ಮ ಬೆಳ್ಳಗೆ ಮೆತ್ತಗೆ ಬರುತ್ತದೆ. ಆದರೆ ಪಟಿಕದ ಅಲ್ಯೂಮಿನಿಯಂ ಕೊಲಾಜೆನ್‌ಗೆ ಗಟ್ಟಿಯಾಗಿ ಅಂಟುವುದಿಲ್ಲ, ನೀರಲ್ಲಿ ನೆನೆದರೆ ಬಿಟ್ಟುಹೋಗುತ್ತದೆ. ನಿಜ ಹೇಳಬೇಕೆಂದರೆ ಇದು ಅರ್ಧ ಹದ. ಗೋಡೆಗೆ, ಮೆತ್ತೆಗೆ ಸಾಕು, ಒಗೆಯುವ ವಸ್ತುವಿಗೆ ಸಾಲದು. ಕ್ರೋಮ್ ಹದದ ಲೆದರ್ ಕುದಿಯುವ ನೀರನ್ನೂ ತಾಳಬಲ್ಲದು. ಆದರೆ ಕ್ರೋಮ್ ನೀರನ್ನು ಹಿತ್ತಲಿಗೆ, ಚರಂಡಿಗೆ ಚೆಲ್ಲುವಂತಿಲ್ಲ, ಹಾಗಾಗಿ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ತೊಗಟೆ, ಕಾಯಿಗಳ ಹದ ನಮ್ಮ ಕಡೆ ಹಳೆಯದು. ತಂಗಡಿ ತೊಗಟೆ, ಅಳಲೆಕಾಯಿಯಿಂದ ಹದ ಮಾಡಿದ ದಕ್ಷಿಣ ಭಾರತದ ಚರ್ಮ 'ಈಸ್ಟ್ ಇಂಡಿಯಾ' ಹೆಸರಲ್ಲಿ ಹಡಗು ಹತ್ತಿ ಹೋಗುತ್ತಿತ್ತು. ಈ ಹದ ಚರ್ಮವನ್ನು ತುಂಬಿ ಸ್ವಲ್ಪ ದಪ್ಪ ಮಾಡುತ್ತದೆ, 75ರಿಂದ 85 ಡಿಗ್ರಿಯವರೆಗೆ ತಾಳುತ್ತದೆ. ಕೂದಲು ತೆಗೆದ ಮೊಲದ ಚರ್ಮಕ್ಕೆ ನನ್ನ ಮತ ಇದಕ್ಕೇ. ಬಿಳಿ ತುಪ್ಪಳ ಉಳಿಸಿಕೊಳ್ಳಬೇಕಿದ್ದರೆ ಮಾತ್ರ ಬೇಡ, ಬಣ್ಣ ಹಿಡಿಯುತ್ತದೆ. ನೆನಪಿರಲಿ, ಈ ಡಿಗ್ರಿಗಳೆಲ್ಲ ಬಿಸಿ ತಾಳುವುದರ ಲೆಕ್ಕ. ಹರಿಯುವುದಕ್ಕೂ ಇದಕ್ಕೂ ನೇರ ಸಂಬಂಧವಿಲ್ಲ. ಕ್ರೋಮ್ ಹಾಕಿದ ಎಳೆ ಮೊಲದ ಚರ್ಮ ಕುದಿಯುವ ನೀರಲ್ಲಿ ಮುದುಡದೇ ಇರಬಹುದು, ಕೈಯಲ್ಲಿ ಎಳೆದರೆ ಆಗಲೂ ಹರಿಯುತ್ತದೆ.

ಹದ ಮುಗಿದ ಮೇಲೆ ಒಣಗಿಸುವಾಗ ಇನ್ನೊಂದು ಪರೀಕ್ಷೆ. ನೀರು ಆರುತ್ತಿದ್ದಂತೆ ಪಕ್ಕಪಕ್ಕದ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಚರ್ಮ ಸೆಟೆದು ನಿಲ್ಲುತ್ತದೆ. ಹಾಗೆ ಸೆಟೆದ ಚರ್ಮವನ್ನು ಮಡಚಿದರೆ ಎಳೆಗಳು ಜಾರಲಾಗದೆ ಮುರಿಯುತ್ತವೆ. ಅದಕ್ಕೇ ಅರೆ ಒದ್ದೆ ಇರುವಾಗ ಎಣ್ಣೆ ಹಚ್ಚಿ, ಮರದ ಅಂಚಿನ ಮೇಲೋ ಕುರ್ಚಿಯ ಬೆನ್ನಿನ ಮೇಲೋ ಒಳಮೈಯನ್ನು ಎಳೆದಾಡಬೇಕು. ಎಳೆದ ಕಡೆ ಬೂದುಬಣ್ಣ ಹೋಗಿ ಬೆಳ್ಳಗಾಗುತ್ತದೆ. ಆ ಬಿಳುಪು ಎಳೆಗಳು ಬಿಡಿಬಿಡಿಯಾದ ಗುರುತು. ಕೈ ನೋಯುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ, ಬೇರೆ ದಾರಿಯಿಲ್ಲ. ಪೂರ್ತಿ ಒಣಗಿಹೋಗಿದ್ದರೆ ಬಲವಂತ ಬೇಡ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ತೇವ ಮಾಡಿ ಮತ್ತೆ ಶುರು ಮಾಡಿ.

ಮೊಲದ ತೊಗಲಿನ ಈ ಮಿತಿ ಹೊಸದಾಗಿ ಕಂಡದ್ದಲ್ಲ. ಯುರೋಪು, ಅಮೆರಿಕಗಳ ದೊಡ್ಡ ಮೊಲದ ವ್ಯಾಪಾರ ನಿಂತದ್ದು ಕೂದಲಿನ ಮೇಲೆ. ಕೂದಲನ್ನು ಒತ್ತಿ ಬಟ್ಟೆಯಂತೆ ಮಾಡುವ ಫೆಲ್ಟ್‌ನ ಟೋಪಿಗೆ ತುಪ್ಪಳ ಬೇಕಿತ್ತು. ಕೂದಲು ಚೆನ್ನಾಗಿ ಕೂಡಿಕೊಳ್ಳಲೆಂದು ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ಆ ಹೊಗೆ ಕುಡಿದು ಟೋಪಿ ಕೆಲಸದವರ ಕೈ ನಡುಗುತ್ತಿತ್ತು, ಬುದ್ಧಿ ಕೆಡುತ್ತಿತ್ತು. ಅಮೆರಿಕದಲ್ಲಿ ಈ ಪದ್ಧತಿಗೆ ತಡೆ ಬಿದ್ದದ್ದು 1941ರಲ್ಲಿ. ಕೂದಲು ತೆಗೆದ ಮೇಲೆ ಉಳಿದ ಚರ್ಮವನ್ನು ಬೇಯಿಸಿ ಅಂಟು ಮಾಡುತ್ತಿದ್ದರು. ಚಿತ್ರ ಬರೆಯುವವರು ಕ್ಯಾನ್ವಾಸಿಗೆ ಬಳಿಯುವ ಮೊಲದ ಚರ್ಮದ ಅಂಟು ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಲೆದರ್ ಆಗಿ ಬೆಲೆ ಬರದ ಕೊಲಾಜೆನ್ ಅಂಟಾಗಿ ಬೆಲೆ ತಂದಿತು.

ಇದಕ್ಕಿಂತ ಚೆಂದದ ಉತ್ತರ ಕಂಡುಕೊಂಡವರು ಅಮೆರಿಕದ ಪಶ್ಚಿಮದ ಒಣಸೀಮೆಯಾದ ಗ್ರೇಟ್ ಬೇಸಿನ್‌ನ ಪೈಯೂಟ್, ಶೊಶೋನಿ ಜನ. ಅಲ್ಲಿನ ಜಾಕ್‌ರ್ಯಾಬಿಟ್ ಮೊಲದ ಚರ್ಮ ಹಾಳೆಯಾಗಿ ಬಳಸಿದರೆ ಬಾಳಿಕೆ ಬರುವುದಿಲ್ಲ. ಅವರು ಹದ ಮಾಡುವ ಗೋಜಿಗೇ ಹೋಗದೆ, ಹಸಿ ಚರ್ಮವನ್ನು ತುಪ್ಪಳ ಸಮೇತ ಉದ್ದುದ್ದ ಪಟ್ಟಿಯಾಗಿ ಕೊಯ್ದು ಹುರಿ ಮಾಡಿದರು. ಹುರಿಗೊಂಡಾಗ ಚರ್ಮ ಒಳಗೆ ಹೋಗಿ ತುಪ್ಪಳ ಸುತ್ತಲೂ ಹೊರಗೆ ಬರುತ್ತದೆ. ಆ ಹುರಿಗಳನ್ನು ಸಾಲಾಗಿ ಇಟ್ಟು, ನಾರಿನ ದಾರದಿಂದ ಅಡ್ಡಕ್ಕೆ ಕಟ್ಟುತ್ತಾ ಹೋದರೆ ಹೊದಿಕೆ. ದೊಡ್ಡವರ ಹೊದಿಕೆಗೆ ನೂರರ ಆಸುಪಾಸು ಚರ್ಮ ಬೇಕಾಗುತ್ತಿತ್ತು. ಈ ವಿನ್ಯಾಸ ನನಗೆ ಬಹಳ ಇಷ್ಟ. ಹಾಳೆಯಲ್ಲಿ ಒಂದು ಸೀಳು ಬಿದ್ದರೆ ಅದು ಆಚೆ ತುದಿಯವರೆಗೂ ಓಡುತ್ತದೆ. ಇಲ್ಲಿ ಒಂದು ಪಟ್ಟಿ ಕಿತ್ತರೂ ಸೀಳು ಪಕ್ಕದ ಪಟ್ಟಿಗೆ ದಾಟುವುದೇ ಇಲ್ಲ. ಚರ್ಮದ ದೌರ್ಬಲ್ಯ ಹಾಗೇ ಇದೆ, ಆದರೆ ಹೊದಿಕೆಗೆ ಅದು ತಟ್ಟುವುದಿಲ್ಲ. ಕೆನಡಾದ ಕ್ರೀ ಜನರೂ ಹಿಮಮೊಲದ ಚರ್ಮದಿಂದ ಇದೇ ಬಗೆಯ ಹೊದಿಕೆ, ಅಂಗಿ ಮಾಡುತ್ತಿದ್ದರು.

ಕೈಹಾಕುವ ಮೊದಲು ಒಂದು ಮಾತು. ನಮ್ಮ ಹೊಲದಂಚಿನ ಕಾಡುಮೊಲ ಬೇರೆ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಕೊಲ್ಲುವುದು ಅಪರಾಧ. ಇಲ್ಲಿ ಹೇಳಿದ್ದೆಲ್ಲ ಸಾಕುಮೊಲಕ್ಕೆ ಮಾತ್ರ.

ಸಾಕುಮೊಲದ ಹದ ಮಾಡಿದ ಚರ್ಮ ನಿಮ್ಮ ಕೈಯಲ್ಲಿದ್ದರೆ ಮೊದಲು ಅಂಚಿನ ಒಂದು ಚೂರು ಕತ್ತರಿಸಿ, ಅದಕ್ಕೆ ಸಣ್ಣ ಕಚ್ಚು ಹಾಕಿ ಎಳೆದು ನೋಡಿ. ಕಾಗದದಂತೆ ನೇರ ಹರಿದರೆ, ಹರಿದ ಅಂಚು ನುಣ್ಣಗಿದ್ದರೆ ಎಳೆಗಳು ಸತ್ತಿವೆ, ಅದರಿಂದ ಏನೂ ಹೊಲಿಯಬೇಡಿ. ಅಂಚಿನಲ್ಲಿ ನಾರು ಎದ್ದು ಕಂಡರೆ ಹೆಣಿಗೆ ಜೀವಂತ ಇದೆ. ಅಂಥದ್ದನ್ನು ಎಳೆತ ಬೀಳದ ಕಡೆ ಬಳಸಿ: ಟೋಪಿಯ ಕಿವಿಪಟ್ಟಿ, ಕೈಗವಸಿನ ಒಳಪದರ, ಮಗುವಿನ ಚಪ್ಪಲಿಯ ಒಳಮೆತ್ತೆ, ಸಣ್ಣ ಸಂಚಿ. ಬೆಲ್ಟು, ಚೀಲದ ಹಿಡಿ, ಚಪ್ಪಲಿಯ ಅಟ್ಟೆ ಬೇಡವೇ ಬೇಡ. ಹಿಂದೆ ಹತ್ತಿ ಬಟ್ಟೆಯ ಅಸ್ತರು ಕೊಟ್ಟರೆ ಎಳೆತವನ್ನು ಬಟ್ಟೆ ಹೊರುತ್ತದೆ. ತುಪ್ಪಳ ಇರುವ ಚರ್ಮವನ್ನು ಕತ್ತರಿಯಲ್ಲಿ ಕತ್ತರಿಸಬೇಡಿ, ಕೂದಲೂ ತುಂಡಾಗುತ್ತದೆ. ಒಳಮೈಯಿಂದ ಬ್ಲೇಡಿನಲ್ಲಿ ಚರ್ಮವನ್ನಷ್ಟೇ ಗೀರಿ. ದಪ್ಪ ಲೆದರ್ ಸೂಜಿ ತೂತಿನ ಬದಲು ಸೀಳು ಮಾಡುತ್ತದೆ, ತೆಳು ಸೂಜಿಯೇ ಸರಿ. ಹೊಲಿಗೆ ತೀರಾ ಒತ್ತಾಗಿ ಹಾಕಿದರೆ ತೂತುಗಳ ಸಾಲೇ ಹರಿಯುವ ಗೆರೆಯಾಗುತ್ತದೆ, ಸ್ವಲ್ಪ ದೂರ ದೂರ ಇರಲಿ. ಅಂಚಿಗೆ ಒಂದು ಹತ್ತಿ ಟೇಪು ಸೇರಿಸಿ ಹೊಲಿದರೆ ದಾರ ಹಿಡಿದುಕೊಳ್ಳುವುದು ಟೇಪನ್ನು, ಚರ್ಮವನ್ನಲ್ಲ.